ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಪ್ರಶ್ನೆ: ಬ್ರಿಟಿಷರ ಕಾಲದಲ್ಲಿ ಸೈನಿಕರಿಗೆ ಗುಹ್ಯರೋಗ ತಗಲದಿರಲಿ ಎಂದು ಪೊಲೀಸರು ಹೆಂಗಸರನ್ನು ಹಿಡಿದು ಕಡ್ಡಾಯವಾಗಿ ವೈದ್ಯರ ಮುಂದೆ ನಿಲ್ಲಿಸುತ್ತಿದ್ದರೆಂದು ಓದಿದೆ. ಹಾಗಾದರೆ ಆ ಸೈನಿಕರನ್ನು, ಹಿಡಿದು ತರುತ್ತಿದ್ದ ಪೊಲೀಸರನ್ನು ಯಾರೂ ತಪಾಸಣೆ ಮಾಡುತ್ತಿರಲಿಲ್ಲವೇ? ಮಾಡಿದ್ದರೆ ಅವರು ಸುಮ್ಮನೆ ಒಪ್ಪಿಕೊಂಡರೇ? ನಮ್ಮ ಬೆಂಗಳೂರಿನಲ್ಲೂ ಇದು ನಡೆದಿತ್ತೇ? ಈಗಿನ ಕಾನೂನು ಏನು ಹೇಳುತ್ತದೆ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಸೈನಿಕರನ್ನು ತಪಾಸಣೆ ಮಾಡುತ್ತಿದ್ದರು. ಅವರಿಗೆ ಅದು ಸಹಿಸಲಾಗದ ಅವಮಾನವಾಗಿತ್ತು. ಬ್ರಿಟನ್ನಿನ ಸೈನ್ಯ 1859ರಲ್ಲಿ ಅದನ್ನು ಕೈಬಿಟ್ಟಿತು. ಹೆಂಗಸರನ್ನು ತಪಾಸಣೆಗೆ ಒಳಪಡಿಸುವ ಕಾಯ್ದೆ ಬಂದದ್ದು 1864ರಲ್ಲಿ. ಪೊಲೀಸರ ಮಾತು ಹೇಳುವುದಾದರೆ, ಆ ಕಾಯ್ದೆ ಅವರ ಕೈಗೆ ಹಿಡಿಯುವ ಅಧಿಕಾರ ಕೊಟ್ಟಿತು. ಅವರ ಮೈ ನೋಡಬೇಕೆಂದು ಎಲ್ಲೂ ಹೇಳಲಿಲ್ಲ. ಬೆಂಗಳೂರು ದಂಡಿನಲ್ಲೂ ಬಳ್ಳಾರಿಯಲ್ಲೂ ಇದಕ್ಕೆಂದೇ ಆಸ್ಪತ್ರೆಗಳಿದ್ದವು. ಈಗಿನ ಕಾನೂನಿನ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ, ಏಕೆಂದರೆ ಅಲ್ಲಿ ಪೊಲೀಸರೇ ತಪಾಸಣೆಯ ಮೇಜಿನ ಈಚೆ ಬಂದು ನಿಂತಿದ್ದಾರೆ.

1859 ಮತ್ತು 1864, ಈ ಎರಡು ಇಸವಿಗಳನ್ನು ಮರೆಯಬೇಡಿ. ನಿಮ್ಮ ಪ್ರಶ್ನೆಯ ತಿರುಳು ಆ ಐದು ವರ್ಷಗಳ ನಡುವೆಯೇ ಇದೆ.

1859ಕ್ಕೆ ಮೊದಲು ಬ್ರಿಟಿಷ್ ಪಡೆಗಳಲ್ಲಿ ಸಾಮಾನ್ಯ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಬಟ್ಟೆ ಬಿಚ್ಚಿಸಿ, ಗುಪ್ತಾಂಗಗಳನ್ನು ನೋಡುವ ಪದ್ಧತಿ ಇತ್ತು. ಅಧಿಕಾರಿಗಳಿಗೆ ಈ ಸಾಲಿನಲ್ಲಿ ಜಾಗವಿರಲಿಲ್ಲ, ಅದು ಕೆಳದರ್ಜೆಯವರ ಪಾಲು. ಸೈನಿಕರು ಇದನ್ನು ದ್ವೇಷಿಸಿದರು. ಸೈನ್ಯದ ವೈದ್ಯರಿಗೂ ಇದು ತಮ್ಮ ವೃತ್ತಿಗೆ ತಕ್ಕ ಕೆಲಸವೆನಿಸಲಿಲ್ಲ. ಹೀಗೆ ನಿಲ್ಲಿಸಿದರೆ ಸೈನಿಕನ ಸ್ವಾಭಿಮಾನ ಕುಗ್ಗುತ್ತದೆ, ಸ್ವಾಭಿಮಾನ ಕುಗ್ಗಿದವನು ಒಳ್ಳೆಯ ಸೈನಿಕನಾಗಲಾರ ಎಂಬ ವಾದ ಗೆದ್ದಿತು. ಕ್ರಿಮಿಯಾ ಯುದ್ಧದ ನಂತರ ಸೈನ್ಯದ ಆರೋಗ್ಯ ಇಂಗ್ಲೆಂಡಿನಲ್ಲಿ ದೊಡ್ಡ ರಾಜಕೀಯ ಪ್ರಶ್ನೆಯಾಗಿತ್ತು. ಸೈನಿಕನೂ ಮನುಷ್ಯ, ಅವನಿಗೂ ಒಳ್ಳೆಯ ಬ್ಯಾರಕ್ಕು, ಗಾಳಿ, ಬೆಳಕು, ಓದುವ ಕೋಣೆ ಬೇಕು ಎಂದು ಫ್ಲಾರೆನ್ಸ್ ನೈಟಿಂಗೇಲರಂಥವರು ಹಟ ಹಿಡಿದಿದ್ದ ದಿನಗಳವು. ಅಂಥ ವಾತಾವರಣದಲ್ಲಿ ಸೈನಿಕನ ಮಾನಕ್ಕೆ ಬೆಲೆ ಬಂತು, ತಪಾಸಣೆ ನಿಂತಿತು.

ರೋಗವೇನೂ ನಿಲ್ಲಲಿಲ್ಲ. ಸೈನ್ಯದ ಆಸ್ಪತ್ರೆಯ ಹಾಸಿಗೆಗಳಲ್ಲಿ ದೊಡ್ಡ ಪಾಲು ಗುಹ್ಯರೋಗಿಗಳದೇ ಆಗಿತ್ತು. ಸೈನಿಕರ ಮದುವೆಗೆ ಸೈನ್ಯ ಸುಲಭವಾಗಿ ಅನುಮತಿ ಕೊಡುತ್ತಿರಲಿಲ್ಲ; ಹೆಂಡತಿ ಮಕ್ಕಳಿಗೆ ವಸತಿ, ಪ್ರಯಾಣ, ಪಡಿ ಎಂದರೆ ಖರ್ಚು. ಮದುವೆಯೂ ಬೇಡ, ತಪಾಸಣೆಯೂ ಬೇಡ, ರೋಗವೂ ಬೇಡ ಎಂದಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಹೆಂಗಸಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆ ಇದು. 1864ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಹೆಸರು ನೋಡಿದರೆ ಕಾಲರಾ, ಸಿಡುಬಿಗೆ ಸಂಬಂಧಿಸಿದ್ದೆನಿಸಬೇಕು. ವಾಸ್ತವದಲ್ಲಿ ಅದು ಹನ್ನೊಂದು ಬಂದರು ಮತ್ತು ದಂಡಿನ ಊರುಗಳ ಹೆಂಗಸರಿಗೆ ಮಾತ್ರ ಅನ್ವಯಿಸುತ್ತಿತ್ತು. 1866ರಲ್ಲಿ ಮತ್ತು 1869ರಲ್ಲಿ ಅದನ್ನು ಬಿಗಿಗೊಳಿಸಿ ವಿಸ್ತರಿಸಿದರು. ಸೋಂಕಿದೆ ಎಂದು ವೈದ್ಯ ಹೇಳಿದ ಹೆಂಗಸನ್ನು ಆಸ್ಪತ್ರೆಯಲ್ಲಿ ಕೂಡಿಹಾಕುವ ಅವಧಿ ಮೊದಲು ಮೂರು ತಿಂಗಳಿತ್ತು, ಆಮೇಲೆ ಆರು, ಕೊನೆಗೆ ಒಂಬತ್ತಾಯಿತು.

ಪೊಲೀಸರು ಈ ಕತೆಯೊಳಗೆ ಬರುವುದು ಇಲ್ಲಿ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ಒಂದು ತಂಡವನ್ನು ಮಫ್ತಿಯಲ್ಲಿ ಈ ಊರುಗಳಿಗೆ ಕಳಿಸಿದರು. ಯಾರು ವೇಶ್ಯೆ ಎಂಬುದಕ್ಕೆ ಕಾಯ್ದೆಯಲ್ಲಿ ಸ್ಪಷ್ಟ ವ್ಯಾಖ್ಯೆ ಇರಲಿಲ್ಲ. ಪೊಲೀಸನ ಅನುಮಾನವೇ ಸಾಕು. ಅವನು ಹೆಸರು ಬರೆದುಕೊಂಡರೆ ಹೆಂಗಸು ತಾನಾಗಿ ಒಪ್ಪಿ ಬಂದೆನೆಂಬ ಕಾಗದಕ್ಕೆ ಸಹಿ ಹಾಕಬೇಕು. ಇಲ್ಲವಾದರೆ ಮ್ಯಾಜಿಸ್ಟ್ರೇಟರ ಮುಂದೆ ನಿಂತು ತಾನು ಅಂಥವಳಲ್ಲವೆಂದು ವಾದಿಸಬೇಕು. ಓದುಬರಹವಿಲ್ಲದ ಹೆಣ್ಣುಮಕ್ಕಳು ಗುರುತು ಹಾಕಿದ ಆ ಕಾಗದಗಳನ್ನೇ ಸರ್ಕಾರ ಒಪ್ಪಿಗೆಯ ಪುರಾವೆಯಾಗಿ ತೋರಿಸುತ್ತಿತ್ತು.

ಇಂಗ್ಲೆಂಡಿನ ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್ ಈ ಕಾಯ್ದೆಯ ವಿರುದ್ಧ ಎದ್ದುನಿಂತರು. 1869ರ ಕೊನೆಗೆ ಹುಟ್ಟಿದ ಮಹಿಳೆಯರ ಸಂಘ 1870ರ ಜನವರಿ 1ರಂದು ಪತ್ರಿಕೆಯಲ್ಲಿ ಬಹಿರಂಗ ಪ್ರತಿಭಟನೆ ಪ್ರಕಟಿಸಿತು. ನೈಟಿಂಗೇಲರ ಸಹಿಯೂ ಅದರಲ್ಲಿತ್ತು. ರೋಗವನ್ನು ತಡೆಯಬೇಕೆಂಬುದರಲ್ಲಿ ಅವರಿಗೆ ತಕರಾರಿರಲಿಲ್ಲ. ಸೈನಿಕನಿಗೆ ಅವಮಾನವೆಂದು ಬಿಟ್ಟ ತಪಾಸಣೆ ಹೆಣ್ಣಿಗೆ ಅವಮಾನವಲ್ಲವೇ ಎಂಬುದು ಅವರ ಪ್ರಶ್ನೆ. ಇಬ್ಬರು ಸೇರಿದಾಗ ಹರಡುವ ರೋಗಕ್ಕೆ ಒಬ್ಬರನ್ನು ಮಾತ್ರ ಹಿಡಿದರೆ ಅದು ವೈದ್ಯವಾಗುವುದು ಹೇಗೆ ಎಂಬುದು ಇನ್ನೊಂದು.

ಈ ಪ್ರಶ್ನೆಗೆ ಸರ್ಕಾರದ ಕಡೆಯಿಂದ ಬಂದ ಉತ್ತರ ದಾಖಲೆಯಲ್ಲಿದೆ. 1871ರ ರಾಯಲ್ ಕಮಿಷನ್ ಗಂಡಸರನ್ನೂ ತಪಾಸಣೆ ಮಾಡಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿತು. ಹೆಣ್ಣು ಇದನ್ನು ಹಣಕ್ಕಾಗಿ ಮಾಡುತ್ತಾಳೆ, ಗಂಡು ಸಹಜ ಪ್ರವೃತ್ತಿಗೆ ಮಣಿದು ದಾರಿ ತಪ್ಪುತ್ತಾನೆ, ಆದ್ದರಿಂದ ಇಬ್ಬರನ್ನು ಹೋಲಿಸುವಂತೆಯೇ ಇಲ್ಲ ಎಂಬರ್ಥದ ಮಾತು ಅದರ ವರದಿಯಲ್ಲಿದೆ. ಸೋಂಕಿಗೆ ಕಾರಣ ಬೇಕಾಗುವುದಿಲ್ಲ, ಮೈ ಸಾಕು ಎಂಬುದು ಆಯೋಗದ ಸದಸ್ಯರಿಗೆ ತಿಳಿಯದ ಸಂಗತಿಯೇನಲ್ಲ. ವೈದ್ಯಶಾಸ್ತ್ರದ ಪ್ರಶ್ನೆಗೆ ಅವರು ನೀತಿಶಾಸ್ತ್ರದ ಉತ್ತರ ಕೊಟ್ಟಿದ್ದರು.

ಗಂಡಸರನ್ನು ಬೇರೆ ದಾರಿಯಿಂದ ಬಗ್ಗಿಸಲು ಒಂದು ಪ್ರಯತ್ನ ನಡೆಯದೆ ಇರಲಿಲ್ಲ. ಯುದ್ಧಮಂತ್ರಿ ಎಡ್ವರ್ಡ್ ಕಾರ್ಡ್‌ವೆಲ್ 1873ರಲ್ಲಿ, ಗುಹ್ಯರೋಗದಿಂದ ಆಸ್ಪತ್ರೆ ಸೇರಿದ ಸೈನಿಕನಿಗೆ ಅಷ್ಟು ದಿನದ ಸಂಬಳ ಕೊಡಬಾರದೆಂದು ಆದೇಶಿಸಿದ. ಫಲ ಉಲ್ಟಾ ಆಯಿತು. ಸೈನಿಕರು ರೋಗವನ್ನೇ ಮುಚ್ಚಿಟ್ಟರು, ಬ್ಯಾರಕ್ಕಿನ ಮೂಲೆಯಲ್ಲಿ ನಾಟಿಮದ್ದು ಮಾಡಿಕೊಂಡರು. ಕಾಗದದ ಮೇಲೆ ಮಾತ್ರ ರೋಗಿಗಳ ಸಂಖ್ಯೆ ಇಳಿಯಿತು. 1879ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡರು. ಶಿಕ್ಷೆಯ ಭಯವಿದ್ದರೆ ರೋಗಿ ವೈದ್ಯನ ಬಳಿ ಬರುವುದಿಲ್ಲ ಎಂದು ಸೈನಿಕರ ವಿಷಯದಲ್ಲಿ ಆರೇ ವರ್ಷದಲ್ಲಿ ಅರ್ಥವಾಯಿತು. ಹೆಂಗಸರ ವಿಷಯದಲ್ಲಿ ಅದೇ ಮಾತು ಅರ್ಥವಾಗಲು 1886ರವರೆಗೆ ಕಾಯಬೇಕಾಯಿತು. ಆ ವರ್ಷ ಬ್ರಿಟನ್ನಿನಲ್ಲಿ ಕಾಯ್ದೆ ರದ್ದಾಯಿತು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದ ದಂಡಿನ ಊರುಗಳಲ್ಲಿ, ಸೋಂಕಿದ ಹೆಂಗಸರನ್ನು ಕೂಡಿಹಾಕುವ ಲಾಕ್ ಆಸ್ಪತ್ರೆ ಎಂಬ ಹೆಸರಿನ ಆಸ್ಪತ್ರೆಗಳು 19ನೇ ಶತಮಾನದ ಆರಂಭದಿಂದಲೇ ಇದ್ದವು. ನಡುವೆ ಮುಚ್ಚಿದರು, ಮತ್ತೆ ತೆರೆದರು. 1857ರ ದಂಗೆಯ ನಂತರ ಯುರೋಪಿಯನ್ ಸೈನಿಕರ ಸಂಖ್ಯೆ ಹೆಚ್ಚಿತು, ಅವರ ಆರೋಗ್ಯದ ಚಿಂತೆಯೂ ಹೆಚ್ಚಿತು. ಭಾರತದ ಸೈನ್ಯದ ಆರೋಗ್ಯದ ಬಗ್ಗೆ 1863ರಲ್ಲಿ ರಾಯಲ್ ಕಮಿಷನ್ ವರದಿ ಕೊಟ್ಟಿತು. ಮರುವರ್ಷವೇ ಕಂಟೋನ್ಮೆಂಟ್ ಕಾಯ್ದೆ ಬಂತು, ದಂಡಿನ ಹೆಂಗಸರ ತಪಾಸಣೆಗೆ ದಾರಿಯಾಯಿತು. 1868ರ 14ನೇ ಕಾಯ್ದೆ ಆ ತಪಾಸಣೆಯನ್ನು ನಗರಗಳಿಗೂ ಹಬ್ಬಿಸಿತು. ಹೆಂಗಸರ ಹೆಸರು ರಿಜಿಸ್ಟರಿನಲ್ಲಿರಬೇಕು, ಕೈಯಲ್ಲಿ ಚೀಟಿ ಇರಬೇಕು, ಗೊತ್ತಾದ ದಿನ ತಪಾಸಣೆಗೆ ಬರಬೇಕು. ತಪ್ಪಿದರೆ ದಂಡ ಅಥವಾ ಜೈಲು. ಗಂಡಸರ ತಪಾಸಣೆಗೆ ಅದರಲ್ಲಿ ಒಂದು ಕಲಮೂ ಇರಲಿಲ್ಲ.

ಕಲ್ಕತ್ತೆಯಲ್ಲಿ ಇದು 1869ರಿಂದ ಜಾರಿಗೆ ಬಂತು. ಅಲ್ಲಿನ ಪೊಲೀಸ್ ಕಮಿಷನರ್ ಸ್ಟುವರ್ಟ್ ಹಾಗ್ ನಗರಸಭೆಯ ಅಧ್ಯಕ್ಷನೂ ಆಗಿದ್ದ. ಅಂದರೆ ಊರಿನ ಚರಂಡಿ, ದೀಪ, ನೀರು, ಕಳ್ಳರು, ಹೆಂಗಸರು ಎಲ್ಲ ಒಂದೇ ಮೇಜಿನ ಕೆಳಗೆ ಬಂದಿದ್ದರು. ಪೊಲೀಸರು ಗಲ್ಲಿಗಳಿಗೆ ನುಗ್ಗಿ ಹೆಸರು ಬರೆದುಕೊಂಡರು. ಒಬ್ಬನ ಆಶ್ರಯದಲ್ಲಿ ಬದುಕುತ್ತಿದ್ದವರು ತಾವು ಈ ಕಾಯ್ದೆಯಡಿ ಬರುವವರಲ್ಲ ಎಂದು ಅರ್ಜಿ ಬರೆಸಿ ಕೊಟ್ಟರು. ಹಲವರು ಗಂಟುಮೂಟೆ ಕಟ್ಟಿಕೊಂಡು ಹೂಗ್ಲಿ ನದಿಯ ಮೇಲ್ದಂಡೆಯಲ್ಲಿದ್ದ ಫ್ರೆಂಚರ ಚಂದ್ರನಗರಕ್ಕೆ ಓಡಿದರು, ಅಲ್ಲಿ ಬ್ರಿಟಿಷರ ಕಾಯ್ದೆ ನಡೆಯುತ್ತಿರಲಿಲ್ಲ. ಬಂಗಾಳದ ಬೀದಿಪುಸ್ತಕಗಳಲ್ಲಿ ಈ ಹದಿನಾಲ್ಕನೇ ಕಾಯ್ದೆ ಗೇಲಿಗೂ ಗೋಳಿಗೂ ವಸ್ತುವಾಯಿತು. ಮುಂಬಯಿಯಲ್ಲಿ ಜಗಳ ಬೇರೆ ತೆರನಾಗಿತ್ತು. ಸೈನಿಕರ ಆರೋಗ್ಯಕ್ಕೆ ಊರಿನ ತೆರಿಗೆ ಹಣ ಏಕೆ ಸುರಿಯಬೇಕು ಎಂದು ನಗರಸಭೆ ಕೈ ಬಿಗಿಹಿಡಿಯಿತು. 1870ರಲ್ಲಿ ಶುರುವಾದದ್ದು 1872ರಲ್ಲೇ ನಿಂತು, ಮತ್ತೆ 1880ರಲ್ಲಿ ಆರಂಭವಾಯಿತು.

ಬೀದಿಯ ಮಟ್ಟದಲ್ಲಿ ಈ ಕಾಯ್ದೆ ಎಂದರೆ ಪೊಲೀಸ್ ಪೇದೆ. ಅವನ ಸಂಬಳ ತೀರ ಕಡಿಮೆ. 1902-03ರ ಫ್ರೇಸರ್ ಪೊಲೀಸ್ ಆಯೋಗ ಪೇದೆಗೆ ತಿಂಗಳಿಗೆ ಕನಿಷ್ಠ 8 ರೂಪಾಯಿಯಾದರೂ ಕೊಡಿ ಎಂದು ಶಿಫಾರಸು ಮಾಡಬೇಕಾಯಿತು. ಪೊಲೀಸ್ ಇಲಾಖೆ ಭ್ರಷ್ಟವೂ ದಬ್ಬಾಳಿಕೆಯದೂ ಆಗಿದೆ ಎಂಬ ಜನಾಭಿಪ್ರಾಯವನ್ನು ಅದೇ ಆಯೋಗ ಬರೆದಿಟ್ಟಿತು. ಇಂಥ ಪೇದೆಯ ಕೈಗೆ, ಯಾವ ಹೆಂಗಸಿನ ಹೆಸರನ್ನಾದರೂ ಬರೆದುಕೊಳ್ಳುವ ಪೆನ್ಸಿಲು ಕೊಟ್ಟರೆ ಏನಾಗುತ್ತದೆ? ಬರೆಯದಿರಲು ಒಂದು ಬೆಲೆ, ಬರೆದದ್ದನ್ನು ಅಳಿಸಲು ಇನ್ನೊಂದು ಬೆಲೆ. ಕೂಲಿಗೆ ಹೋಗಿ ಸಂಜೆ ಮನೆಗೆ ಮರಳುವ ಹೆಂಗಸು, ಗಂಡ ಬಿಟ್ಟವಳು, ವಿಧವೆ, ಪರವೂರಿನಿಂದ ಬಂದವಳು, ಎಲ್ಲರೂ ಅವನ ಅನುಮಾನದ ವ್ಯಾಪ್ತಿಗೆ ಬರುತ್ತಿದ್ದರು.

ಪೊಲೀಸ್ ಪಡೆಯಲ್ಲಿ ವೈದ್ಯರ ತಪಾಸಣೆ ಇರಲೇ ಇಲ್ಲವೆಂದು ಇದರರ್ಥವಲ್ಲ. ಕೆಲಸಕ್ಕೆ ಸೇರುವಾಗ ಎತ್ತರ, ಎದೆಯ ಸುತ್ತಳತೆ, ಕಣ್ಣು, ಕಾಲು ಎಲ್ಲ ನೋಡುತ್ತಿದ್ದರು. ಅಲ್ಲಿ ಕೇಳುತ್ತಿದ್ದದ್ದು ಈ ಮನುಷ್ಯ ದುಡಿಯಬಲ್ಲನೇ ಎಂದು. ಹೆಂಗಸನ್ನು ಮೇಜಿನ ಮೇಲೆ ಮಲಗಿಸಿದಾಗ ಕೇಳುತ್ತಿದ್ದದ್ದು ಇವಳಿಂದ ಬೇರೆಯವರಿಗೆ ಅಪಾಯವೇ ಎಂದು. ಒಂದೇ ವೈದ್ಯ, ಒಂದೇ ಊರು. ಒಬ್ಬರು ನೌಕರಿಗೆ ಹೋಗುತ್ತಾರೆ, ಇನ್ನೊಬ್ಬರು ಬೀಗದ ಹಿಂದೆ ಹೋಗುತ್ತಾರೆ.

ಈ ಅಸಮತೆ ತೀರ ಬೆತ್ತಲಾಗಿ ಕಾಣಿಸಿಕೊಂಡದ್ದು ಹಾಂಗ್‌ಕಾಂಗಿನಲ್ಲಿ. ಅಲ್ಲಿಯ ಸರ್ಕಾರ ಬ್ರಿಟನ್ನಿಗಿಂತ ಮೊದಲೇ, 1857ರಲ್ಲೇ, ಇಂಥ ಕಾನೂನು ತಂದಿತ್ತು, 1867ರಲ್ಲಿ ಅದನ್ನು ಬಲಪಡಿಸಿತು. ಆ ವಸಾಹತಿನ ಪೊಲೀಸ್ ಪಡೆ ಯುರೋಪಿಯನ್ನರು, ಚೀನೀಯರು, ಭಾರತೀಯರು ಸೇರಿದ ಮಿಶ್ರ ಪಡೆ. 1860ರ ದಶಕದಲ್ಲಿ ನಮ್ಮ ದೇಶದಿಂದ ಸಿಪಾಯಿಗಳನ್ನೂ ಆಮೇಲೆ ಸಿಖ್ಖರನ್ನೂ ಅಲ್ಲಿಗೆ ಕರೆಸಿಕೊಂಡಿದ್ದರು. ಕಾನೂನಿನ ಪ್ರಕಾರ ಪರವಾನಗಿಯಿಲ್ಲದ ವೇಶ್ಯಾಗೃಹಗಳನ್ನು ಪತ್ತೆಹಚ್ಚಬೇಕು. ಪತ್ತೆಗೆ ಸಾಕ್ಷಿ ಬೇಕು. ಸಾಕ್ಷಿಗಾಗಿ ಸರ್ಕಾರ ಹಿಡಿದ ದಾರಿ ಕೇಳಿದರೆ ನಂಬುವುದು ಕಷ್ಟ: ಬಾತ್ಮೀದಾರರಿಗೆ ಸರ್ಕಾರದ ಹಣವನ್ನೇ ಕೊಟ್ಟು, ಗಿರಾಕಿಗಳ ವೇಷದಲ್ಲಿ ಮನೆಗಳಿಗೆ ಕಳಿಸುವುದು. ಕೆಲವು ಸಲ ಇನ್‌ಸ್ಪೆಕ್ಟರುಗಳೇ ಹಾಗೆ ಹೋದರು. ಹೆಂಗಸು ಹಣ ತೆಗೆದುಕೊಂಡು ಅವರ ಜೊತೆ ಮಲಗಿದಳೆಂದರೆ ಅಪರಾಧ ಸಾಬೀತಾಯಿತು.

1877ರಲ್ಲಿ ಇಂಥ ಒಂದು ದಾಳಿಯಿಂದ ತಪ್ಪಿಸಿಕೊಳ್ಳಲು ಹೋಗಿ ಇಬ್ಬರು ಚೀನೀ ಹೆಂಗಸರು ಮನೆಯ ಮೇಲಿಂದ ಬಿದ್ದು ಸತ್ತರು. ಗವರ್ನರ್ ಜಾನ್ ಪೋಪ್ ಹೆನೆಸ್ಸಿ ಹೊಸದಾಗಿ ಬಂದಿದ್ದ. ಐರ್ಲೆಂಡಿನ ಕ್ಯಾಥೊಲಿಕ್, ಅಧಿಕಾರಿವರ್ಗದ ಜೊತೆ ಸದಾ ಜಗಳ. ಅವನು ವಿಚಾರಣಾ ಆಯೋಗ ನೇಮಿಸಿದ. ಇನ್‌ಸ್ಪೆಕ್ಟರುಗಳೂ ಬಾತ್ಮೀದಾರರೂ ಆಯೋಗದ ಮುಂದೆ ತಮ್ಮ ಕೆಲಸದ ವಿವರವನ್ನು ತಾವೇ ಹೇಳಿದರು. 1879ರ ವರದಿಯಲ್ಲಿ ಇದೆಲ್ಲ ಅಚ್ಚಾಯಿತು. ಒಂದು ಮನೆಯಿಂದ ಇನ್ನೊಂದು ಮನೆಗೆ ಗಿರಾಕಿಯಾಗಿ ಹೋದವನು ಸರ್ಕಾರದ ಸಾಕ್ಷಿ. ಅವನ ಜೊತೆ ಮಲಗಿದವಳು ಸರ್ಕಾರದ ರೋಗಿ. ಸೋಂಕು ಹೊತ್ತು ತಿರುಗುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಬೇಕೆಂದರೂ ಸಿಗಲಾರದು, ಅದೂ ಸರ್ಕಾರದ ಖರ್ಚಿನಲ್ಲಿ. ನಿಮ್ಮ ಪ್ರಶ್ನೆಯನ್ನು ಆ ಕಾಲದ ಯಾರಾದರೂ ಅಧಿಕಾರಿಯ ಮುಂದೆ ಇಡಬೇಕಿದ್ದರೆ ಅದಕ್ಕೆ ಹಾಂಗ್‌ಕಾಂಗಿಗಿಂತ ಯೋಗ್ಯ ಜಾಗ ಬೇರೆ ಇರಲಿಲ್ಲ.

ಅಲ್ಲಿ ಇನ್ನೊಂದು ಗಮನಿಸಬೇಕಾದ ಸಂಗತಿ ನಡೆಯಿತು. ಚೀನೀ ಗಿರಾಕಿಗಳಿಗಾಗಿಯೇ ಇದ್ದ ಮನೆಗಳ ಹೆಂಗಸರು ತಪಾಸಣೆಗೆ ಸುತರಾಂ ಒಪ್ಪಲಿಲ್ಲ. ಸರ್ಕಾರ ಒತ್ತಾಯಿಸಲು ಹೋಗಲಿಲ್ಲ, ಯುರೋಪಿಯನ್ನರು ಹೋಗುವ ಮನೆಗಳ ಹೆಂಗಸರಿಗೆ ಮಾತ್ರ ತಪಾಸಣೆ ಎಂದು ರಾಜಿಯಾಯಿತು. ಚೀನೀ ಗಂಡಸರಿಗೆ ರೋಗ ಬಂದರೆ ಅದು ಸರ್ಕಾರದ ತಲೆನೋವಾಗಿರಲಿಲ್ಲ. ಹಾಗಾಗಿ ತಪಾಸಣೆಯ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿದರೆ ಸರ್ಕಾರಕ್ಕೆ ಯಾರ ಆರೋಗ್ಯ ಬೇಕಿತ್ತು, ಯಾರ ಸಿಟ್ಟಿಗೆ ಅದು ಹೆದರುತ್ತಿತ್ತು ಎಂಬೆರಡೂ ತಿಳಿಯುತ್ತವೆ. ಸೈನಿಕನ ಸಿಟ್ಟಿಗೆ ಹೆದರಿತು. ಹಾಂಗ್‌ಕಾಂಗಿನ ಚೀನೀ ಸಮಾಜದ ಸಿಟ್ಟಿಗೆ ಹೆದರಿತು. ಕಲ್ಕತ್ತೆಯ ಗಲ್ಲಿಯ ಒಂಟಿ ಹೆಂಗಸಿನ ಸಿಟ್ಟಿಗೆ ಹೆದರುವ ಕಾರಣವಿರಲಿಲ್ಲ.

ಬೆಂಗಳೂರಿನ ಬಗ್ಗೆ ಕೇಳಿದ್ದೀರಿ. ಇಲ್ಲಿ ದಂಡು ನೆಲೆಯೂರಿದ್ದು 1809ರಲ್ಲಿ. 1831ರಿಂದ 1881ರವರೆಗೆ ಮೈಸೂರು ಸೀಮೆಯೇ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರೂ ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಇಲ್ಲಿಯ ಪಡೆಗಳು ಮದರಾಸು ಸೈನ್ಯಕ್ಕೆ ಸೇರಿದವು. ಹಾಗಾಗಿ ಬೆಂಗಳೂರು, ಬಳ್ಳಾರಿಯ ಲಾಕ್ ಆಸ್ಪತ್ರೆಗಳ ಲೆಕ್ಕ ಮದರಾಸಿನ ವಾರ್ಷಿಕ ವರದಿಗಳಲ್ಲಿ ಕಣ್ಣೂರು, ಸಿಕಂದರಾಬಾದ್, ತಿರುಚಿನಾಪಳ್ಳಿಯ ಲೆಕ್ಕಗಳ ಜೊತೆ ಬರುತ್ತದೆ.

ಈ ವರದಿಗಳಿಗೆ ಒಂದು ಕಾಯಂ ರಾಗವಿದೆ. ರಿಜಿಸ್ಟರಿನಲ್ಲಿರುವ ಹೆಂಗಸರೆಲ್ಲ ತಪಾಸಣೆಗೆ ಬರುತ್ತಿದ್ದಾರೆ, ಆದರೂ ಸೈನಿಕರಲ್ಲಿ ರೋಗ ಕಡಿಮೆಯಾಗಿಲ್ಲ. ಹಾಗಾದರೆ ತಪ್ಪು ಯಾರದು? ರಿಜಿಸ್ಟರಿನಲ್ಲಿಲ್ಲದ ಹೆಂಗಸರದು. ಹುಲ್ಲು ಕೊಯ್ಯುವವರು, ಕೂಲಿಯವರು, ಹೆಂಡದಂಗಡಿಯ ಸುತ್ತಮುತ್ತ ಇರುವವರು, ದಂಡಿನ ಎಲ್ಲೆಯ ಆಚೆ ಇರುವವರು. ಮುಂದಿನ ವರ್ಷ ಇನ್ನಷ್ಟು ಪೊಲೀಸರನ್ನು ಕೊಡಿ, ಎಲ್ಲೆಯನ್ನು ಇನ್ನೊಂದಿಷ್ಟು ಮೈಲಿ ಹಿಗ್ಗಿಸಿ ಎಂಬ ಕೋರಿಕೆ. ಸೈನಿಕನೇ ರೋಗವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ದಿರಬಹುದು ಎಂಬ ಸರಳ ಸಾಧ್ಯತೆಯನ್ನು ಒಪ್ಪಿಕೊಂಡುಬಿಟ್ಟರೆ ಆಸ್ಪತ್ರೆಯ ಗೋಡೆಯನ್ನು ಕಟ್ಟಿದ ತರ್ಕವೇ ಕುಸಿಯುತ್ತಿತ್ತು.

ಆ ತಪಾಸಣೆಯಿಂದ ರೋಗ ಗೊತ್ತಾಗುತ್ತಿತ್ತೇ ಎಂದು ಈಗ ಕೇಳಬೇಕು. ಗೊನೋರಿಯದ ಜೀವಾಣುವನ್ನು ನೈಸರ್ ಎಂಬ ವೈದ್ಯ ಕಂಡದ್ದು 1879ರಲ್ಲಿ. ಸಿಫಿಲಿಸ್‌ನ ಜೀವಾಣು ಸಿಕ್ಕದ್ದು 1905ರಲ್ಲಿ, ರಕ್ತಪರೀಕ್ಷೆ ಬಂದದ್ದು 1906ರಲ್ಲಿ, ಪರಿಣಾಮಕಾರಿ ಔಷಧ ಸಾಲ್ವರ್ಸಾನ್ ಬಂದದ್ದು 1910ರಲ್ಲಿ. ಅದಕ್ಕೆ ಮೊದಲು ವೈದ್ಯನಿಗಿದ್ದದ್ದು ಬರೀ ಕಣ್ಣು. ಹುಣ್ಣು ಕಂಡರೆ ರೋಗ, ಕಾಣದಿದ್ದರೆ ಆರೋಗ್ಯ. ಹೆಂಗಸರಲ್ಲಿ ಗೊನೋರಿಯ ಹೊರಗೆ ಕಾಣದೆಯೇ ಇರುವುದುಂಟು, ಸಿಫಿಲಿಸ್ ವರ್ಷಗಟ್ಟಲೆ ಅಡಗಿ ಕೂರುವುದುಂಟು. ಬರೀ ಬಿಳಿಸೆರಗಿನವಳು ರೋಗಿಯೆನಿಸಿಕೊಂಡು ಒಳಗೆ ಸೇರಬಹುದಿತ್ತು, ನಿಜವಾದ ರೋಗಿ ಚೀಟಿಯೊಂದಿಗೆ ಹೊರಗೆ ನಡೆಯಬಹುದಿತ್ತು. ಸರಿಯಾಗಿ ಶುಚಿಮಾಡದ ಉಪಕರಣವೇ ಒಬ್ಬಳಿಂದ ಇನ್ನೊಬ್ಬಳಿಗೆ ಸೋಂಕು ದಾಟಿಸಬಹುದೆಂದು ವಿರೋಧಿಗಳು ಆಗಲೇ ಹೇಳುತ್ತಿದ್ದರು. ಚಿಕಿತ್ಸೆಯೆಂದರೆ ಪಾದರಸ. ಅದು ರೋಗಕ್ಕೂ ವಿಷ, ರೋಗಿಗೂ ವಿಷ.

ಭಾರತದಲ್ಲಿ ಈ ವ್ಯವಸ್ಥೆ ಕುಸಿದದ್ದು ಒಂದು ಸುತ್ತೋಲೆಯಿಂದ. ಪ್ರಧಾನ ದಂಡನಾಯಕ ಫ್ರೆಡರಿಕ್ ರಾಬರ್ಟ್ಸ್‌ನ ಕಾಲದಲ್ಲಿ, 1886ರ ಜೂನಿನಲ್ಲಿ, ಅವನ ಕಚೇರಿಯಿಂದ ಪಡೆಗಳಿಗೆ ಒಂದು ಸೂಚನೆ ಹೋಯಿತು. ರೆಜಿಮೆಂಟಿನ ಬಜಾರಿನಲ್ಲಿ ಸಾಕಷ್ಟು ಹೆಂಗಸರಿರಬೇಕು, ಅವರು ನೋಡಲು ಚೆನ್ನಾಗಿರಬೇಕು, ಅವರಿಗೆ ತಕ್ಕ ಮನೆಗಳಿರಬೇಕು ಎಂಬುದು ಅದರ ಸಾರ. ಆಲ್ಫ್ರೆಡ್ ಡೈಯರ್ ಎಂಬ ಪ್ರಕಾಶಕ ಭಾರತಕ್ಕೆ ಬಂದು ದಂಡುಗಳನ್ನು ಸುತ್ತಿ ಇದನ್ನೆಲ್ಲ ಬಯಲಿಗೆಳೆದ. ವೈದ್ಯದ ಹೆಸರಿನಲ್ಲಿ ನಡೆದದ್ದು ಸರಬರಾಜಿನ ಕೆಲಸ ಎಂಬುದು ಲಂಡನ್ನಿನಲ್ಲಿ ಚರ್ಚೆಯಾಯಿತು. 1888ರ ಜೂನ್ 5ರಂದು ಕಾಮನ್ಸ್ ಸಭೆ ಭಾರತದಲ್ಲಿ ಕಡ್ಡಾಯ ತಪಾಸಣೆ ನಿಲ್ಲಬೇಕೆಂದು ನಿರ್ಣಯಿಸಿತು. ಆ ವರ್ಷ 1868ರ ಕಾಯ್ದೆ ರದ್ದಾಯಿತು.

ಕಾಯ್ದೆ ಹೋಯಿತು, ಪದ್ಧತಿ ಹೋಗಲಿಲ್ಲ. ಬಟ್ಲರ್ ಅವರ ಬಳಗ ಎಲಿಜಬೆತ್ ಆಂಡ್ರೂ ಮತ್ತು ಡಾ. ಕ್ಯಾಥರೀನ್ ಬುಶ್ನೆಲ್ ಎಂಬ ಇಬ್ಬರು ಅಮೆರಿಕನ್ ಮಹಿಳೆಯರನ್ನು ಕಳಿಸಿತು. 1891-92ರ ಚಳಿಗಾಲದಲ್ಲಿ ಅವರು ಉತ್ತರ ಭಾರತದ ದಂಡುಗಳಿಗೆ ಹೋಗಿ ಹೆಂಗಸರೊಂದಿಗೇ ನೇರವಾಗಿ ಮಾತನಾಡಿದರು. ತಪಾಸಣೆ ಬೇರೆ ಹೆಸರಿನಲ್ಲಿ ಮುಂದುವರಿದಿತ್ತು. ಇದು ಸುಳ್ಳೆಂದು ಬಹಿರಂಗವಾಗಿ ಅಲ್ಲಗಳೆದಿದ್ದ ರಾಬರ್ಟ್ಸ್ 1893ರಲ್ಲಿ ತನ್ನ ಮಾತು ತಪ್ಪೆಂದು ಒಪ್ಪಿಕೊಂಡು ಆ ಇಬ್ಬರ ಕ್ಷಮೆ ಕೇಳಬೇಕಾಯಿತು. 1895ರ ಕಾಯ್ದೆ ಕಡ್ಡಾಯ ತಪಾಸಣೆಯನ್ನು ಸ್ಪಷ್ಟ ಮಾತಿನಲ್ಲಿ ನಿಷೇಧಿಸಿತು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ 1895ರಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಗುಹ್ಯರೋಗಕ್ಕೆ ಆಸ್ಪತ್ರೆ ಸೇರುವವರ ಪ್ರಮಾಣ ಸಾವಿರಕ್ಕೆ 522ರವರೆಗೆ ಏರಿತ್ತು. ಸೈನ್ಯದವರು ಈ ಅಂಕಿಯನ್ನು ಹಿಡಿದು ನೋಡಿ, ತಪಾಸಣೆ ಬಿಟ್ಟದ್ದರ ಫಲ ಇದು ಎಂದರು. 1897ರಲ್ಲಿ ಹೊಸ ನಿಯಮ ಬಂತು: ಸೋಂಕಿನ ಅನುಮಾನವಿದ್ದವರು ಆಸ್ಪತ್ರೆಗೆ ಬರಬೇಕು, ಬಾರದಿದ್ದರೆ ದಂಡನ್ನು ಬಿಟ್ಟು ಹೋಗಬೇಕು. ಅಂಕಿ ಆಮೇಲೆ ಇಳಿಯಿತು, 1910ರ ಹೊತ್ತಿಗೆ ಸಾವಿರಕ್ಕೆ ನೂರರ ಒಳಗೆ ಬಂತು. ಇದರ ಶ್ರೇಯಸ್ಸೆಲ್ಲ ಆ ನಿಯಮದ್ದೆಂದರೆ ಲೆಕ್ಕ ತಪ್ಪುತ್ತದೆ. ಹಳೆಯ ಕಾಯ್ದೆಗಳು ಪೂರ್ಣ ಜಾರಿಯಲ್ಲಿದ್ದ ವರ್ಷಗಳಲ್ಲೂ ರೋಗ ಏರಿದ್ದುಂಟು. 1905ರಲ್ಲಿ ದಂಡನಾಯಕ ಕಿಚನರ್ ಸೈನಿಕರಿಗೇ ನೇರವಾಗಿ ಎಚ್ಚರಿಕೆಯ ಪತ್ರ ಬರೆದ. ಆಟೋಟ, ಒಳ್ಳೆಯ ಕ್ಯಾಂಟೀನು, ಕುಡಿತಕ್ಕೆ ಕಡಿವಾಣ, ಉತ್ತಮ ಚಿಕಿತ್ಸೆ ಎಲ್ಲ ಜೊತೆಗೂಡಿದವು. ಸರ್ಕಾರದ ಕಣ್ಣು ಕೊನೆಗೂ ಗಂಡಸಿನ ನಡವಳಿಕೆಯ ಮೇಲೆ ಬಿದ್ದ ವರ್ಷಗಳವು.

ಇದೇ ಹೊತ್ತಿಗೆ ಕಡ್ಡಾಯ ತಪಾಸಣೆ ಮರ್ಯಾದಸ್ಥರ ಮನೆ ಬಾಗಿಲಿಗೂ ಬಂತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಕಾಲಿಟ್ಟಿತು, 1897ರಲ್ಲಿ ಸಾಂಕ್ರಾಮಿಕ ರೋಗಗಳ ಹೊಸ ಕಾಯ್ದೆ ಬಂತು. ರೈಲು ನಿಲ್ದಾಣಗಳಲ್ಲಿ ಗಡ್ಡೆಗಾಗಿ ಕಂಕುಳು, ತೊಡೆಸಂದಿ ತಡವುವುದು, ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುವುದು ಶುರುವಾಯಿತು. ಪುಣೆಯಲ್ಲಿ ಸೈನಿಕರೇ ಮನೆಗಳನ್ನು ಶೋಧಿಸಿದರು. ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ 1897ರ ಜೂನ್ 22ರಂದು ಗುಂಡು ಹಾರಿತು. ಮುಂಬಯಿಯಲ್ಲಿ 1898ರ ಮಾರ್ಚಿನಲ್ಲಿ ಹುಡುಗಿಯೊಬ್ಬಳನ್ನು ಒಯ್ಯಲು ಬಂದವರ ಮೇಲೆ ನೇಕಾರರ ಕೇರಿ ತಿರುಗಿಬಿತ್ತು. ಅದೇ ವರ್ಷ ಪ್ಲೇಗ್ ಬೆಂಗಳೂರಿಗೂ ಬಂತು, ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆ ಎದ್ದರು.

ಆಗ ಸರ್ಕಾರ ಮಣಿಯಿತು. ದೇಶೀ ವೈದ್ಯರನ್ನು ನೇಮಿಸಿತು, ಹೆಂಗಸರನ್ನು ನೋಡಲು ಹೆಂಗಸರನ್ನು ಕಳಿಸಿತು, ಜಾತಿ ಸಮುದಾಯಗಳ ಆಸ್ಪತ್ರೆಗಳಿಗೆ ಒಪ್ಪಿತು, ಬಲವಂತವನ್ನು ಸಡಿಲಿಸಿತು. ಮುಂಬಯಿಯಲ್ಲಂತೂ ಇನ್ನೂ ಮೊದಲೇ ಪೊಲೀಸ್ ಕಮಿಷನರ್ ವಿನ್ಸೆಂಟ್ ಎಚ್ಚರಿಸಿದ್ದ: ಬಲವಂತ ಹೆಚ್ಚಾದರೆ ಊರಿನ ಜಾಡಮಾಲಿಗಳು ಓಡಿಹೋಗುತ್ತಾರೆ, ಅವರು ಹೋದರೆ ಊರು ಉಳಿಯುವುದಿಲ್ಲ. ದಂಡಿನ ಹೆಂಗಸರು ಮೂವತ್ತು ವರ್ಷ ಅನುಭವಿಸಿದ್ದನ್ನು ಊರಿನವರು ಎರಡು ವರ್ಷ ಅನುಭವಿಸಿದರು. ಸರ್ಕಾರಕ್ಕೆ ಕೇಳಿಸಿದ್ದು ಯಾರ ಕೂಗು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗಿನ ಕಾನೂನು. ಗೋವಾದಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕ ರಕ್ತದಾನ ಮಾಡಿದ್ದ. ಅವನಿಗೆ ಎಚ್‌ಐವಿ ಇದೆಯೆಂದು ತಿಳಿದ ಪೊಲೀಸರು 1989ರಲ್ಲಿ ಅವನನ್ನು ಹಿಡಿದೊಯ್ದರು. ಆ ರಾಜ್ಯದ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ 64 ದಿನ ಅವನನ್ನು ಒಂಟಿಯಾಗಿ ಕೂಡಿಹಾಕಿದ್ದರು. ಲಾಕ್ ಆಸ್ಪತ್ರೆಯ ತರ್ಕ ನೂರು ವರ್ಷದ ನಂತರವೂ ಬದುಕಿತ್ತು. ಅವನ ತಾಯಿ ಕೋರ್ಟಿಗೆ ಹೋದರು; ಆ ಹೋರಾಟದಿಂದ ಶುರುವಾದ ಚರ್ಚೆ ಮುಂದೆ ದೇಶವ್ಯಾಪಿಯಾಯಿತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಯಾರಿಗೂ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಕಾನೂನು ಹೇಳಿದ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ನೌಕರಿಯಲ್ಲಿ ತಾರತಮ್ಯ ಮಾಡುವಂತಿಲ್ಲ. ಇದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಇನ್ನು ಪೊಲೀಸರು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಈಗ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ. ಅದರ ಫಲಿತಾಂಶಕ್ಕೆ ದರ್ಜೆಯುಂಟು. ಮೊದಲ ದರ್ಜೆ ಸಿಗದಿದ್ದರೆ ಬಡ್ತಿಗೆ ಕುತ್ತು. ಇದರ ಮೇಲೆ ವ್ಯಾಜ್ಯಗಳು ಹೈಕೋರ್ಟುಗಳಿಗೆ ಹೋಗುತ್ತಲೇ ಇರುತ್ತವೆ. ಸಿಆರ್‌ಪಿಎಫ್‌ನ ಒಬ್ಬ ಪೇದೆಗೆ ಎಚ್‌ಐವಿ ಇರುವ ಕಾರಣ ಬಡ್ತಿ ತಪ್ಪಿತ್ತು. 2023ರಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ ಆ ಒಂದೇ ಕಾರಣಕ್ಕೆ ಬಡ್ತಿ ನಿರಾಕರಿಸುವಂತಿಲ್ಲ ಎಂದು ಅವನ ಪರ ತೀರ್ಪು ಕೊಟ್ಟಿತು. 1859ರಲ್ಲಿ ಸೈನಿಕನಿಗೆ ಸಿಕ್ಕದ್ದು ಮೇಲಿನವರು ಬಿಟ್ಟುಕೊಟ್ಟ ರಿಯಾಯಿತಿ. ಈ ಪೇದೆಗೆ ಸಿಕ್ಕದ್ದು ಹಕ್ಕು. ಅವನು ತಪಾಸಣೆಯನ್ನು ತಪ್ಪಿಸಿಕೊಳ್ಳಲಿಲ್ಲ, ಅದರ ಫಲಿತಾಂಶವನ್ನು ತನ್ನ ವಿರುದ್ಧ ಬಳಸಬಾರದೆಂದು ವಾದಿಸಿ ಗೆದ್ದ.

ಹೆಂಗಸಿನ ಕಡೆಯ ಲೆಕ್ಕ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ. ಅನೈತಿಕ ಮಾನವ ಸಾಗಣೆ ತಡೆ ಕಾಯ್ದೆಗೆ 1986ರಲ್ಲಿ ಸೇರಿಸಿದ 15ನೇ ಕಲಮಿನ ಉಪವಿಧಿಯೊಂದರ ಪ್ರಕಾರ, ದಾಳಿಯಲ್ಲಿ ಪೊಲೀಸರು ಕರೆತಂದವರನ್ನು ವಯಸ್ಸು, ಗಾಯ ಹಾಗೂ ಲೈಂಗಿಕ ರೋಗಗಳಿಗಾಗಿ ವೈದ್ಯರಿಂದ ಪರೀಕ್ಷಿಸಬೇಕು. ಮಗುವನ್ನೋ ಸಾಗಣೆಗೆ ಸಿಕ್ಕವರನ್ನೋ ರಕ್ಷಿಸುವ ಉದ್ದೇಶ ಇದಕ್ಕಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಸ್ವಂತ ಇಚ್ಛೆಯಿಂದ ಅಲ್ಲಿದ್ದ ವಯಸ್ಕಳ ಒಪ್ಪಿಗೆಯ ಮಾತು ಆ ಸಾಲಿನಲ್ಲಿಲ್ಲ, ದಾಳಿಯಲ್ಲಿ ಸಿಕ್ಕ ಗಿರಾಕಿಯ ತಪಾಸಣೆಯ ಮಾತೂ ಇಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಲೈಂಗಿಕ ಕಾರ್ಯಕರ್ತೆಯರೊಡನೆ ಪೊಲೀಸರು ಘನತೆಯಿಂದ ನಡೆದುಕೊಳ್ಳಬೇಕೆಂದು ನಿರ್ದೇಶನ ಕೊಟ್ಟಿದೆ. ಕಾಯ್ದೆಯ ಆ ಕಲಮು ಮಾತ್ರ ಪುಸ್ತಕದಲ್ಲಿ ಹಾಗೆಯೇ ಇದೆ. ಪೇದೆ ತನ್ನ ಬಡ್ತಿಗಾಗಿ ಕೋರ್ಟಿನಲ್ಲಿ ಎತ್ತಿದಂಥ ಪ್ರಶ್ನೆಯನ್ನು ಪೊಲೀಸರು ಹಿಡಿದು ತಂದ ಹೆಂಗಸೂ ಎತ್ತಬಹುದು. ಅವಳ ಪರವಾಗಿ ಅದನ್ನು ಎತ್ತುವ ವಕೀಲರು ಈಗ ಇದ್ದಾರೆ, ಎತ್ತಲು ಬೇಕಾದ ಕಾನೂನೂ ಇದೆ.